ರೀಲಿನ ತಲೆತುಂಡು

ತಕ್ಕಡಿ ಡಾಕ್ಟರರ ಮನೆಯಲ್ಲಿ ಹನ್ನೊಂದು ಸಾವಿರ ಫೋಟೋಗಳಿದ್ದವು. ಹೆಂಡತಿಯದ್ದು ಅಂತ ಒಂದೂ ಇರಲಿಲ್ಲ.

ಮನೆಯವರಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಕಣ್ಣೆದುರೇ ಇದ್ದದ್ದರಿಂದ ಯಾರೂ ಅದನ್ನೊಂದು ಸಂಗತಿ ಅಂತ ಎಣಿಸಿರಲಿಲ್ಲ, ಅಷ್ಟೆ. ಅವಳು ತೀರಿಕೊಂಡ ಮೂರನೆಯ ವಾರ, ಒಂದು ಬುಧವಾರ ಬೆಳಿಗ್ಗೆ, ಮಗಳ ಫೋನ್ ಬಂತು.

"ಅಪ್ಪಾ, ಅಮ್ಮಂದು ಒಂದು ಒಳ್ಳೆ ಫೋಟೋ ಹುಡುಕಿಡಿ. ಭಾನುವಾರ ಬರ್ತೀನಿ. ದೊಡ್ಡದು ಮಾಡಿಸಿ ಗೋಡೆಗೆ ಹಾಕೋಣ. ಪುಟ್ಟಿ ಈಗ್ಲೇ ಅಜ್ಜಿ ಮುಖ ಮರೀತಿದಾಳೆ."

"ಹುಡುಕ್ತೀನಮ್ಮ."

"ಮಚ್ಚೆ ಕಾಣೋ ಅಂಥದ್ದು ನೋಡಿ. ಮಚ್ಚೆ ಇಲ್ದಿದ್ರೆ ಅಮ್ಮ ಅಮ್ಮನ ಥರಾನೇ ಇರಲ್ಲ."

"ಆಯ್ತು" ಅಂದು ಫೋನಿಟ್ಟರು. ಮಚ್ಚೆ ಇತ್ತು, ನಿಜ. ಆದರೆ ಯಾವ ಕೆನ್ನೆಯ ಮೇಲೆ? ಡಾಕ್ಟರರು ಕಣ್ಣು ಮುಚ್ಚಿ ನೆನಪಿಸಿಕೊಂಡರು. ಅವಳ ಕೈ ನೆನಪಾಯಿತು, ಹೊಲಿಯುವಾಗ ಬೆರಳಿಗೆ ಹಾಕಿಕೊಳ್ಳುತ್ತಿದ್ದ ತಗಡಿನ ಟೋಪಿ ನೆನಪಾಯಿತು, ಕೆಮ್ಮು ಕಿವಿಯಲ್ಲಿ ಕೇಳಿಸಿತು. ಮುಖ ಬರಲಿಲ್ಲ. ಮೂವತ್ತೈದು ವರ್ಷ ಎದುರುಬದುರು ಕೂತು ಉಂಡ ಮುಖ, ಕರೆದರೂ ಬರಲಿಲ್ಲ. ಮಗಳಿಗೆ ಮತ್ತೆ ಫೋನ್ ಮಾಡಿ ಯಾವ ಕಡೆ ಅಂತ ಕೇಳೋಣವೇ ಅಂದುಕೊಂಡರು. ನಾಚಿಕೆಯಾಯಿತು. ಗಂಡನಾದವನು ಕೇಳುವ ಪ್ರಶ್ನೆಯೇ ಅದು!

ಅವರು ಡಾಕ್ಟರರೇನಲ್ಲ, ತಕ್ಕಡಿ ರಿಪೇರಿಯವರು. ಹಿಟ್ಟಿನ ಗಿರಣಿಯ ದೊಡ್ಡ ತಕ್ಕಡಿಯಿಂದ ಹಿಡಿದು ಚಿನ್ನದಂಗಡಿಯ ಗಾಜಿನ ಪೆಟ್ಟಿಗೆಯೊಳಗಿನ ಪುಟಾಣಿ ತಕ್ಕಡಿಯ ತನಕ, ಕಾಯಿಲೆ ಬಿದ್ದ ತೂಕಗಳಿಗೆಲ್ಲ ಅವರೇ ಗತಿ. ಮುಳ್ಳು ಎಡಕ್ಕೆ ವಾಲಿದೆಯೋ ಬಲಕ್ಕೆ ವಾಲಿದೆಯೋ ಅಂತ ಬಾಗಿಲಲ್ಲಿ ನಿಂತೇ ಹೇಳಬಲ್ಲವರು. ಮಚ್ಚೆಯ ವಿಷಯದಲ್ಲಿ ಮಾತ್ರ ಆ ಕಣ್ಣು ಕೈಕೊಟ್ಟಿತ್ತು.

ಕೆಲಸಕ್ಕಾಗಿ ಊರೂರು ತಿರುಗಬೇಕು. ಒಂದು ಕೈಯಲ್ಲಿ ತೂಕದ ಬಟ್ಟುಗಳ ಮರದ ಪೆಟ್ಟಿಗೆ, ಹೆಗಲಲ್ಲಿ ಕ್ಯಾಮೆರಾ. ಫೋಟೋ ಅವರಿಗೆ ಹೊಟ್ಟೆಪಾಡಲ್ಲ, ಹುಚ್ಚು. ಹುಚ್ಚು ಅಂದರೂ ಎಂಥ ಹುಚ್ಚು! ಜನ ಬೆಟ್ಟ ನೋಡಲು, ಸಮುದ್ರ ನೋಡಲು ಹೋಗಿ ಫೋಟೋ ತೆಗೆದರೆ ಇವರು ಬಸ್ಸಿನ ಖಾಲಿ ಸೀಟಿನ ಮೇಲೆ ಬಿದ್ದ ಬಿಸಿಲನ್ನು ತೆಗೆಯುತ್ತಿದ್ದರು. ಗಿರಣಿಯ ಕಿಟಕಿಗೆ ಹಿಟ್ಟು ಕೂತು ಗಾಜು ಹಾಲಿನ ಬಣ್ಣವಾಗಿದ್ದು. ಕ್ಷೌರದಂಗಡಿಯ ಹಿತ್ತಲಲ್ಲಿ ಒಣಗುತ್ತಿದ್ದ ಹನ್ನೆರಡು ಟವೆಲು. ಆಸ್ಪತ್ರೆಯಲ್ಲಿ ಕೂಸುಗಳನ್ನು ತೂಗುವ ತಟ್ಟೆಯ ಮೇಲೆ ಮಡಚಿಟ್ಟ ಅಂಗೈಯಗಲದ ಹೊದಿಕೆ. ದೋಣಿ ನಿಲ್ಲುವ ಕಟ್ಟೆಯ ಮೇಲೆ ಯಾರೋ ಬಿಟ್ಟುಹೋದ ಟೀ ಲೋಟ. ಕೆಟ್ಟ ಫೋಟೋಗಳೇನಲ್ಲ ಅವು. ನೋಡಿದರೆ, ನಮ್ಮ ಮನೆಯಲ್ಲೂ ಹೀಗೇ ಬಿಸಿಲು ಬೀಳುತ್ತದಲ್ಲ, ನಾವು ಯಾಕೆ ನೋಡಲಿಲ್ಲ ಅನ್ನಿಸುವಂಥವು.

ಅವರದ್ದೊಂದು ಕಟ್ಟುನಿಟ್ಟು ಇತ್ತು: ಫೋಟೋದಲ್ಲಿ ಮನುಷ್ಯರು ಬರಕೂಡದು. "ಮನುಷ್ಯ ಬಂದ ಅಂದ್ರೆ ನೋಡೋರ ಕಣ್ಣು ನೆಟ್ಟಗೆ ಅವನ ಮುಖಕ್ಕೇ ಹೋಗುತ್ತೆ. ಪಾಪ, ಬೆಳಕಿನ ಗತಿ ಏನು?" ಅನ್ನುವರು. ದೂರದ ಊರಿನ ಕೆಲಸ ಬಂದಾಗ ವರ್ಷಕ್ಕೆರಡು ಸಲ ಹೆಂಡತಿಯನ್ನೂ ಕರೆದೊಯ್ಯುತ್ತಿದ್ದರು. ಚೆಂದದ್ದೇನಾದರೂ ಕಂಡ ತಕ್ಷಣ ಬಟ್ಟುಗಳ ಪೆಟ್ಟಿಗೆಯನ್ನು ಅವಳ ಕೈಗೆ ಕೊಟ್ಟು, ಕ್ಯಾಮೆರಾ ಕಣ್ಣಿಗಿಟ್ಟು, ಕೈ ಬೀಸಿ ಹೇಳುವರು: "ಸ್ವಲ್ಪ ಆ ಕಡೆ ಹೋಗು." ಅವಳು ಹೋಗುವಳು. "ಇನ್ನೂ ಸ್ವಲ್ಪ. ನಿನ್ನ ನೆರಳು ಬರ್ತಿದೆ." ನೆರಳನ್ನೂ ಎಳೆದುಕೊಂಡು ಹೋಗುವಳು. ಆ ಪೆಟ್ಟಿಗೆಯೋ, ಹೊತ್ತರೆ ಹೆಗಲು ಕಿತ್ತು ಬರುವಷ್ಟು ಭಾರ.

ಅವಳು ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದವಳು. ಅಂಗಡಿಗಳಿಂದ ಬರುವ ಅಂಗಿಗಳಿಗೆ ಕಾಜಾ ಮಾಡಿ ಗುಂಡಿ ಹಾಕುವ ಕೆಲಸ. ಬಾಯಿಗೆ ಬೀಗ ಹಾಕಿಕೊಂಡಿರುವ ಜಾತಿಯಲ್ಲ. ಹೊಲಿಯುತ್ತ ಹೊಲಿಯುತ್ತ ಹಾಸ್ಯ ಮಾಡುವಳು. ನೆರೆಯವಳು ಬಂದು "ನಿಮಗೇನಮ್ಮ, ಊರೂರು ನೋಡಿದೋರು" ಅಂದರೆ, "ಹೌದಮ್ಮ, ಎಲ್ಲ ಊರೂ ನೋಡಿದೀನಿ, ಫೋಟೋದ ಆಚೆ ಕಡೆಯಿಂದ" ಅನ್ನುವಳು. ಡಾಕ್ಟರರೂ ನಗುವರು. ಚೆನ್ನಾಗಿ ಹೇಳಿದಳು ಅಂತಲೇ ನಗುತ್ತಿದ್ದರು, ಆ ಮಹಾನುಭಾವರು.

ಬುಧವಾರ, ಗುರುವಾರ ಎರಡೂ ದಿನ ಕಪಾಟು ಮೇಲೆ ಕೆಳಗೆ ಮಾಡಿ ಹುಡುಕಿದರು. ಟವೆಲುಗಳು ಸಿಕ್ಕವು, ಟೀ ಲೋಟಗಳು ಸಿಕ್ಕವು. ಒಂದು ಮೆಟ್ಟಿಲಿನ ಫೋಟೋದ ಅಂಚಿನಲ್ಲಿ ಚಪ್ಪಲಿಯ ತುದಿ ಸಿಕ್ಕಿತು. ಅವಳದ್ದೇ ಇರಬೇಕು ಅಂದುಕೊಂಡು ಹಿಂದೆ ಬರೆದದ್ದನ್ನು ಓದಿದರೆ, ತಮ್ಮದೇ ಕೈಬರಹ: "ಚಪ್ಪಲಿ ಬಂದು ಹಾಳಾಯಿತು." ಮಗಳ ಮದುವೆಯ ಆಲ್ಬಮ್ ತೆಗೆದರು. ಅದರಲ್ಲಿ ಅವಳು ಏಳು ಕಡೆ ಇದ್ದಳು. ಏಳು ಕಡೆಯೂ ಮುಖಕ್ಕೆ ಅಂಗೈ ಅಡ್ಡ. ಬೇರೆ ಯಾರು ಕ್ಯಾಮೆರಾ ಎತ್ತಿದರೂ ಅವಳದ್ದು ಅದೇ ಚಾಳಿ. "ನಮ್ಮನೇಲೇ ಫೋಟೋದೋರಿದಾರೆ, ಅವರು ತೆಗೀತಾರೆ ಬಿಡಿ" ಅಂತ ಕೈ ಅಡ್ಡ ಹಿಡಿಯುವಳು. ಮಗಳ ಫೋನಿನಲ್ಲೂ ಇದ್ದದ್ದು ಅಂಗೈಗಳೇ, ಆಮೇಲೆ ಕೊನೆಯ ತಿಂಗಳ ಆಸ್ಪತ್ರೆ ಮಂಚ. ಅದನ್ನು ಯಾರೂ ಗೋಡೆಗೆ ಹಾಕುವುದಿಲ್ಲ. ಗುರುತಿನ ಚೀಟಿಯಲ್ಲೊಂದು ಚಿತ್ರವಿತ್ತು. ಅದರಲ್ಲಿ ಮೂಗಿದೆ, ಕಣ್ಣಿದೆ, ಆದರೆ ಮಚ್ಚೆ ಇರಬೇಕಾದ ಕಡೆ ಎರಡೂ ಕೆನ್ನೆಗಳು ಒಂದೇ ಬೂದು ಮಸಿ.

ಶುಕ್ರವಾರ ಬೆಳಿಗ್ಗೆ, ಹಿಂದೆ ರೀಲು ತೊಳೆದುಕೊಡುತ್ತಿದ್ದ ಸ್ಟುಡಿಯೋದ ಮುದುಕರನ್ನಾದರೂ ಕೇಳೋಣ ಅಂತ ಹೊರಟರು. ಅಂಗಿ ಹಾಕಿಕೊಳ್ಳುವಾಗ ಎದೆಯ ಗುಂಡಿ ಕಿತ್ತು ಕೈಗೆ ಬಂತು. ಗುಂಡಿ ಹಾಕುವವಳ ಗಂಡನಾಗಿ ಸೂಜಿ ಹಿಡಿದವರಲ್ಲ. ಅವಳ ಹೊಲಿಗೆ ಯಂತ್ರದ ಹತ್ತಿರ ಹೋದರು. ಹೋಗುವಾಗ ಅಭ್ಯಾಸದಂತೆ ಅದರ ಮೂಲೆಗೆ ಸೊಂಟ ತಾಗಿಸಿಕೊಂಡು "ಥತ್" ಅಂದರು. ಆ ಯಂತ್ರ ಇದ್ದ ಜಾಗವೇ ಹಾಗೆ: ಅಡುಗೆಮನೆಯ ಬಾಗಿಲಿಗೆ ಅರ್ಧ ಅಡ್ಡ. ಮೊದಲು ಮಲಗುವ ಕೋಣೆಯ ಬಾಗಿಲ ಪಕ್ಕ, ಗೋಡೆಗೆ ಅಂಟಿಕೊಂಡು ಅಚ್ಚುಕಟ್ಟಾಗಿತ್ತು. ವರ್ಷ ವರ್ಷವೂ ಗೇಣು ಗೇಣು ಜರುಗಿಸುತ್ತ ಇಲ್ಲಿಗೆ ತಂದು ನಿಲ್ಲಿಸಿದ್ದಳು. ಎಷ್ಟು ಸಲ ಜಗಳವಾಗಿತ್ತು!

"ಓಡಾಡೋ ದಾರೀಲಿ ತಂದಿಟ್ಟಿದೀಯಲ್ಲ, ನಿನಗೇನು ತಲೆ ನೆಟ್ಟಗಿದೆಯಾ?"

"ಇಲ್ಲಿ ಬೆಳಕು ಚೆನ್ನಾಗಿದೆ ರೀ."

"ಕಿಟಕಿ ಇರೋದು ಆ ಕಡೆ!"

"ನನಗೆ ಬೇಕಾದ ಬೆಳಕು ಈ ಕಡೆ ಇದೆ, ನಿಮಗ್ಯಾಕೆ?"

ಹೆಂಗಸರ ಹಟ ಅಂತ ಕೈಬಿಟ್ಟಿದ್ದರು. ಹದಿನಾರು ವರ್ಷ ಸೊಂಟಕ್ಕೆ ಏಟು ತಿನ್ನುತ್ತ ಬಂದಿದ್ದರು.

ಯಂತ್ರದ ಖಾನೆಯಲ್ಲಿ ಗುಂಡಿ ಡಬ್ಬಿ ಇತ್ತು. ಮುಚ್ಚಳ ತೆಗೆದರೆ ಮೇಲೊಂದು ಪದರ ಗುಂಡಿ. ಅದರ ಕೆಳಗೆ ಬೆರಳಾಡಿಸಿದಾಗ ಸುರುಳಿ ಸುರುಳಿಯಾದ, ಗರಗರ ಅನ್ನುವ ಏನೋ ಕೈಗೆ ತಾಕಿತು. ಎಳೆದರು. ಫಿಲ್ಮಿನ ಚೂರುಗಳು. ಫಿಲ್ಮಿನ ಅಂಚಿನಲ್ಲಿರುವ ತೂತುಗಳಿಗೆ ದಾರ ಪೋಣಿಸಿ ಮಾಲೆ ಮಾಡಿಟ್ಟಿದ್ದಳು. ಕೆಂಪು ದಾರದ್ದೊಂದು, ಹಸಿರು ದಾರದ್ದೊಂದು, ಹೀಗೆ ಹದಿನಾರು ಮಾಲೆ. ಪ್ರತಿ ದಾರದ ತುದಿಗೂ ಬಟ್ಟೆಯ ಚೂರು, ಅದರ ಮೇಲೆ ಇಸವಿ.

ಡಾಕ್ಟರರಿಗೆ ಇವು ಯಾವ ಚೂರುಗಳು ಅಂತ ನೋಡಿದ ಕೂಡಲೇ ತಿಳಿಯಿತು. ತಾವೇ ಕತ್ತರಿಸಿ ಬಿಸಾಡಿದ್ದು.

ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಹಳೆಯ ಕ್ಯಾಮೆರಾಕ್ಕೆ ರೀಲು ಹಾಕುವಾಗ ಅದರ ತಲೆಯ ತುದಿಯನ್ನು ಹೊರಗೆಳೆದು ಸಿಕ್ಕಿಸಬೇಕು. ಹೊರಗೆ ಬಂದಷ್ಟು ಭಾಗ ಬೆಳಕು ಬಡಿದು ಹಾಳು. ಅದಕ್ಕೇ ಮುಚ್ಚಳ ಹಾಕಿದ ಮೇಲೆ ಸುಮ್ಮನೆ ಮೂರು ಸಲ ಟಕ್, ಟಕ್, ಟಕ್ ಅಂತ ಒತ್ತಿ, ಹಾಳಾದ ಭಾಗವನ್ನು ಮುಂದಕ್ಕೆ ತಳ್ಳಬೇಕು. ಮೊದಲೆರಡರಲ್ಲಿ ಏನೂ ಬರುವುದಿಲ್ಲ. ಮೂರನೆಯದರಲ್ಲಿ ಅರ್ಧ ಸುಟ್ಟು, ಅರ್ಧ ಚಿತ್ರ ಬಂದಿರುತ್ತದೆ. ಡಾಕ್ಟರರು ಭಾನುವಾರ ಬೆಳಿಗ್ಗೆ ಊಟದ ಟೇಬಲ್ಲಿನ ಅದೇ ಮೂಲೆಯಲ್ಲಿ ಕೂತು ರೀಲು ಹಾಕುವರು. ಕ್ಯಾಮೆರಾ ಟೇಬಲ್ಲಿನ ಮೇಲೆ, ಅದರ ಮುಖ ಎದುರು ಗೋಡೆಗೆ. ಇವರ ಕಣ್ಣು ಕ್ಯಾಮೆರಾದ ನೆತ್ತಿಯ ಮೇಲಿನ ಸಣ್ಣ ಕಿಂಡಿಯಲ್ಲಿ, ಅಲ್ಲಿ ನಂಬರು ತಿರುಗುತ್ತದೆ. ಮೂರು ಟಕ್ ಆಗಿ ನಂಬರು ಒಂದಕ್ಕೆ ಬಂದು ನಿಂತರೆ ಕೆಲಸ ಮುಗಿಯಿತು. ಎದುರಿಗೆ ಏನಿದೆ ಅಂತ ಅವರು ತಲೆ ಕೆಡಿಸಿಕೊಂಡವರಲ್ಲ. ಸ್ಟುಡಿಯೋದಿಂದ ತೊಳೆದು ಬಂದ ಫಿಲ್ಮನ್ನು ಆರಾರು ಚಿತ್ರದ ಪಟ್ಟಿಯಾಗಿ ಕತ್ತರಿಸುವಾಗ ಮೊದಲು ಆ ಸುಟ್ಟ ತಲೆತುಂಡನ್ನು ಕಚಕ್ ಅಂತ ತೆಗೆದು ಬುಟ್ಟಿಗೆ ಹಾಕುವರು. ಅದೂ ಅವಳ ಬಟ್ಟೆ ಕತ್ತರಿಯಿಂದ. "ನನ್ನ ಕತ್ತರಿ ಮೊಂಡು ಮಾಡ್ತೀರ" ಅಂತ ಅವಳು ಪ್ರತಿಸಲವೂ ಬೈಯುವಳು.

ಬಟ್ಟೆಯ ಚೂರನ್ನೇ ಬಿಸಾಡದವಳು. ಬುಟ್ಟಿಯಿಂದ ಇವನ್ನೂ ಆರಿಸಿಕೊಂಡಿದ್ದಳು.

ಒಂದು ಮಾಲೆಯನ್ನು ಕಿಟಕಿಗೆ ಹಿಡಿದರು. ತೊಳೆದ ಫಿಲ್ಮಿನಲ್ಲಿ ಎಲ್ಲವೂ ತಿರುಗುಮುರುಗು. ಬೆಳ್ಳಗಿದ್ದದ್ದು ಕಪ್ಪು, ಕಪ್ಪಗಿದ್ದದ್ದು ಬಿಳಿ. ಚೂರಿನ ಒಂದು ಕಡೆ ಇದ್ದಿಲಿನಷ್ಟು ಕಪ್ಪು, ಇನ್ನೊಂದು ಕಡೆ ಬಿಳಿ ಕೂದಲಿನ, ಕಪ್ಪು ಮುಖದ ಅರ್ಧ ಹೆಂಗಸು. ಡಾಕ್ಟರರು ಮಾಲೆಗಳನ್ನೆಲ್ಲ ಬಾಚಿ ಚೀಲಕ್ಕೆ ಹಾಕಿಕೊಂಡರು. ಗುಂಡಿ ಇಲ್ಲದ ಅಂಗಿಯಲ್ಲೇ ಸ್ಟುಡಿಯೋಗೆ ಓಡಿದರು.

ಸ್ಟುಡಿಯೋದ ಮುದುಕರು ಈಗ ಅಪರೂಪಕ್ಕೊಮ್ಮೆ ಗುರುತಿನ ಚೀಟಿಯ ಫೋಟೋ ತೆಗೆದುಕೊಂಡು ಕೂತಿದ್ದರು. ಮಾಲೆಗಳನ್ನು ನೋಡಿ ಕನ್ನಡಕ ಹಣೆಗೇರಿಸಿದರು.

"ಏನ್ರೀ ಇದು, ತಲೆತುಂಡುಗಳಲ್ವಾ? ಇವನ್ನ ಯಾರಾದ್ರೂ ಇಟ್ಕೋತಾರಾ?"

"ನಮ್ಮನೆಯೋರು ಇಟ್ಟಿದ್ರು."

ಮುದುಕರು ಪ್ರತಿ ಇಸವಿಯ ಮಾಲೆಯಿಂದ ಚೆನ್ನಾಗಿದ್ದದ್ದನ್ನು ಆರಿಸಿ, ಪ್ರಿಂಟಿನ ಯಂತ್ರದಲ್ಲಿಟ್ಟು, ಅಂಗೈಯಗಲದ ಪ್ರಿಂಟು ಹಾಕಿ, ಒಂದೊಂದಾಗಿ ಮೇಜಿನ ಮೇಲೆ ಸಾಲಾಗಿ ಇಡುತ್ತ ಹೋದರು.

ಮೊದಲನೆಯದರಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾಳೆ. ಎಡಗಡೆಯಿಂದ ಬಿಳಿ ಬೆಳಕು ನುಗ್ಗಿ ಅವಳನ್ನು ನುಂಗಿ, ಒಂದು ಮೊಣಕೈ ಮಾತ್ರ ಉಳಿಸಿದೆ. ತಾನು ಚಿತ್ರದಲ್ಲಿ ಬೀಳುತ್ತೇನೆ ಅಂತ ಆ ವರ್ಷ ಅವಳಿಗೆ ಗೊತ್ತೇ ಇರಲಿಲ್ಲ ಅಂತ ಕಾಣುತ್ತದೆ. ಎರಡನೆಯ ವರ್ಷ ಗೊತ್ತಾಗಿದೆ. ಸೂಜಿ ಬಿಟ್ಟು ತಲೆಯೆತ್ತಿ ಕ್ಯಾಮೆರಾದ ಕಡೆ ತಿರುಗಿ ಕೂತಿದ್ದಾಳೆ, ಕಿವಿಯ ಮೇಲಿನ ಕೂದಲು ಬಾಚಿ ನೀಟಾಗಿದೆ. ಮುಖದ ಜಾಗದಲ್ಲಿ ಆ ಒಂದು ಕಿವಿ ಮಾತ್ರ ಉಳಿದಿದೆ. ನಾಲ್ಕನೆಯ ವರ್ಷ ಕಿವಿ, ಕೆನ್ನೆಯ ತುದಿ. ಆರನೆಯ ವರ್ಷ ಒಂದು ಕಣ್ಣು ಬಂತು. ಆ ಒಂದೇ ಕಣ್ಣು ನಗುತ್ತಿತ್ತು.

"ಕ್ಯಾಮೆರಾ ಜರುಗಿಸ್ತಾ ಬಂದಿರಾ?" ಮುದುಕರು ಕೇಳಿದರು.

"ಇಲ್ಲ. ಟೇಬಲ್ಲಿನ ಅದೇ ಮೂಲೆ."

"ಹಾಗಾದ್ರೆ ಅವರು ಜರುಗಿದಾರೆ."

ಡಾಕ್ಟರರ ಕೈ ತಾನಾಗಿ ಸೊಂಟಕ್ಕೆ ಹೋಯಿತು, ಬೆಳಿಗ್ಗೆ ಏಟು ಬಿದ್ದ ಜಾಗಕ್ಕೆ.

ಗೇಣು ಗೇಣು. ಬುಟ್ಟಿಯಿಂದ ಆರಿಸಿದ ಚೂರನ್ನು ಕಿಟಕಿಗೆ ಹಿಡಿದು ನೋಡಿ, ಎಲ್ಲಿಯ ತನಕ ಸುಟ್ಟಿದೆ, ಎಲ್ಲಿಂದ ಉಳಿದಿದೆ ಅಂತ ಅವಳೇ ಅಳೆದುಕೊಂಡಿದ್ದಳು, ಕಾಜಾದ ಜಾಗ ಅಳೆಯುವ ಹಾಗೆ. ಯಾರನ್ನೂ ಕೇಳಲಿಲ್ಲ. ಗಂಡನಿಗೆ ಹೇಳಲಿಲ್ಲ. ಆ ಯಂತ್ರವನ್ನು ಒಬ್ಬಳೇ ತಳ್ಳಿಕೊಂಡು, ಬೈಸಿಕೊಂಡು, ವರ್ಷಕ್ಕಿಷ್ಟು ಅಂತ ಬೆಳಕು ಸುಡದ ಕಡೆಗೆ ನಡೆದುಬಂದಿದ್ದಳು. ಜೀವನವಿಡೀ ಅವರು ಅವಳನ್ನು ಫೋಟೋದಿಂದ ಆಚೆ ಕಳಿಸಿದ್ದರು. ಅವಳು ಸದ್ದಿಲ್ಲದೆ ಒಳಗೆ ಬರುತ್ತಿದ್ದಳು.

ಹತ್ತನೆಯ ವರ್ಷ ಅರ್ಧ ಮುಖ. ಹದಿಮೂರನೆಯ ವರ್ಷ ಮುಕ್ಕಾಲು. ಆ ವರ್ಷವೇ ಬಾಗಿಲಿಗೆ ಅಡ್ಡ ಬಂತು ಅಂತ ದೊಡ್ಡ ಜಗಳ ತೆಗೆದು ಎರಡು ದಿನ ಮಾತು ಬಿಟ್ಟದ್ದು. ಹದಿನೈದನೆಯದರಲ್ಲಿ ಮೂಗಿನಾಚೆಯ ಕಣ್ಣೂ ಪೂರ್ತಿ ಬಂದು, ಇನ್ನು ಆ ಕಡೆಯ ಕೆನ್ನೆ ಮಾತ್ರ ಬರಬೇಕಾಗಿತ್ತು.

"ಕೊನೇದು" ಅಂತ ಮುದುಕರು ಹದಿನಾರನೆಯದನ್ನು ಇಟ್ಟರು.

ಅದರಲ್ಲಿ ಅವಳು ಪೂರ್ತಿ ಇದ್ದಳು. ಎಡಗಡೆ ಅರ್ಧ ಚಿತ್ರ ಬರೀ ಬಿಳಿ, ಬಲಗಡೆ ಅಡುಗೆಮನೆಯ ಬಾಗಿಲು, ಬಾಗಿಲಿಗೆ ಅಡ್ಡವಾಗಿ ಯಂತ್ರ, ಅದರ ಹಿಂದೆ ಅವಳು. ಹೊಸ ಬಟ್ಟೆ ಹಾಕಿಕೊಂಡಿದ್ದಾಳೆ. ಎರಡೂ ಕೈ ಮಡಿಲಲ್ಲಿವೆ, ಮುಖಕ್ಕೆ ಯಾವುದೂ ಅಡ್ಡವಿಲ್ಲ. ಹಲ್ಲು ಕಾಣುವ ಹಾಗೆ ನಗುತ್ತಿದ್ದಾಳೆ, ಗೆದ್ದವರ ನಗು. ಮಚ್ಚೆ ಬಲಗೆನ್ನೆಯ ಮೇಲಿತ್ತು. ಹದಿನೈದು ವರ್ಷವೂ ಸುಟ್ಟುಹೋದ ಕಡೆಯ ಕೆನ್ನೆ ಅದು.

"ಇದಾದ ಮೇಲಿನ ದಾರ ಇಲ್ವಾ?" ಅಂತ ಮುದುಕರು ಕೇಳಿದರು.

ಇರಲಿಲ್ಲ. ಯಾಕೆ ಇರಲಿಲ್ಲ ಅಂತ ಡಾಕ್ಟರರಿಗೆ ಆಗ ನೆನಪಾಯಿತು. ಆ ಮುಂದಿನ ತಿಂಗಳೇ ಮಗಳು ಹೊಸ ಡಿಜಿಟಲ್ ಕ್ಯಾಮೆರಾ ತಂದುಕೊಟ್ಟಿದ್ದಳು. ಭಾನುವಾರ ಬೆಳಿಗ್ಗೆ ಅದನ್ನು ಟೇಬಲ್ಲಿನ ಮೇಲಿಟ್ಟು ಒರೆಸುತ್ತಿದ್ದಾಗ ಯಂತ್ರದ ಹಿಂದಿನಿಂದ ಅವಳು ಕೇಳಿದ್ದಳು:

"ಇದಕ್ಕೆ ಆ ಟಕ್ ಟಕ್ ಟಕ್ ಮಾಡಲ್ವಾ?"

"ಬೇಕಿಲ್ಲ. ಇದಕ್ಕೆ ರೀಲೇ ಇಲ್ಲ. ವೇಸ್ಟ್ ಅನ್ನೋದೇ ಇಲ್ಲ ಇದರಲ್ಲಿ."

"ಓಹೋ. ಹಾಗಾದ್ರೆ ನನ್ನ ಕೆಲಸ ಮುಗೀತು ಅನ್ನಿ" ಅಂದು ನಕ್ಕು ಸೂಜಿಗೆ ದಾರ ಪೋಣಿಸಿದ್ದಳು. ಏನು ಕೆಲಸ ಅಂತ ಇವರು ಕೇಳಿರಲಿಲ್ಲ. ಆಮೇಲೆ ಹನ್ನೆರಡು ವರ್ಷ ಬದುಕಿದ್ದಳು. ಯಂತ್ರವನ್ನು ಮತ್ತೆ ಒಂದು ಅಂಗುಲವೂ ಜರುಗಿಸಲಿಲ್ಲ. ಹಿಂದಕ್ಕೂ ತಳ್ಳಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ತಲೆ ಬಾಚಿಕೊಂಡು ಅಲ್ಲೇ ಕೂರುತ್ತಿದ್ದಳು. ಇವರು ಎದುರಿಗೆ ಕೂತು ಹೊಸ ಕ್ಯಾಮೆರಾದ ಪರದೆಯಲ್ಲಿ ವಾರದ ಫೋಟೋಗಳನ್ನು ನೋಡಿಕೊಳ್ಳುತ್ತಿದ್ದರು.

ಡಾಕ್ಟರರು ಅತ್ತರು. ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ, ಮಣ್ಣು ಮಾಡಿ ಬಂದ ದಿನವೂ ಅತ್ತಿರಲಿಲ್ಲ. ಸ್ಟುಡಿಯೋದ ಮುದುಕರು ಎದ್ದುಹೋಗಿ ಬಾಗಿಲಿಗೆ ಪರದೆ ಎಳೆದರು, ಗಿರಾಕಿ ಬಂದಾರು ಅಂತ.

ಭಾನುವಾರ ಮಗಳು ಬಂದಳು. ಪುಟ್ಟಿಯ ಕೈ ಹಿಡಿದುಕೊಂಡು, ಚೀಲ ಹೊತ್ತುಕೊಂಡು ಅಡುಗೆಮನೆಗೆ ಹೋಗುವಾಗ ಯಂತ್ರದ ಮೂಲೆ ಅವಳಿಗೂ ತಾಗಿತು.

"ಅಪ್ಪಾ, ಇದನ್ನ ಮೊದಲು ಇಲ್ಲಿಂದ ತೆಗೀಬೇಕು. ಅಮ್ಮಂದೊಂದು ಹಟ. ಬನ್ನಿ, ಆ ಕಡೆ ತುದಿ ಹಿಡ್ಕೊಳ್ಳಿ."

"ಬೇಡ. ಅಲ್ಲೇ ಇರಲಿ."

"ಯಾಕೆ?"

ಡಾಕ್ಟರರು ಟೇಬಲ್ಲಿನ ಮೇಲೆ ಕಾಗದದಲ್ಲಿ ಸುತ್ತಿಟ್ಟಿದ್ದ ದೊಡ್ಡ ಪ್ರಿಂಟನ್ನು ಬಿಚ್ಚಿ ಅವಳ ಮುಂದಿಟ್ಟರು. ಬಿಳಿ ಭಾಗವನ್ನು ಕತ್ತರಿಸಿಬಿಡಲೇ ಅಂತ ಮುದುಕರು ಕೇಳಿದ್ದರು. ಬೇಡವೆಂದಿದ್ದರು. ಮಗಳು ನೋಡಿದಳು. ಕೈಯಲ್ಲಿದ್ದ ಚೀಲ ಕೆಳಗಿಡುವುದನ್ನೂ ಮರೆತಳು. ಪುಟ್ಟಿ ಟೇಬಲ್ಲಿನ ಅಂಚಿಗೆ ಗದ್ದ ಊರಿ, "ಅಜ್ಜಿ" ಅಂದು ಮಚ್ಚೆಯ ಮೇಲೆ ಬೆರಳಿಟ್ಟಳು.

"ಅಮ್ಮ ಫೋಟೋಕ್ಕೆ ಇಷ್ಟು ಚೆನ್ನಾಗಿ ನಕ್ಕಿದ್ದು ನಾನು ನೋಡೇ ಇಲ್ಲ." ಮಗಳು ಚಿತ್ರದ ಮೇಲೆ ಬಗ್ಗಿದಳು. "ಯಾವಾಗ ತೆಗೆದ್ರಿ ಅಪ್ಪಾ ಇದನ್ನ?"

ಸುಳ್ಳು ಹೇಳಬಹುದಿತ್ತು. ಹೌದು, ಒಂದು ಭಾನುವಾರ ನಾನೇ ತೆಗೆದೆ ಅಂದಿದ್ದರೆ ಮಗಳು ಸಂತೋಷಪಡುತ್ತಿದ್ದಳು. ಅಪ್ಪನ ಮೇಲೆ ಒಳಗೊಳಗೇ ಇದ್ದ ಮುನಿಸು ಅವತ್ತಿಗೆ ತೀರುತ್ತಿತ್ತು. ಹೇಳೋಣ ಅಂತ ಬಾಯಿಯನ್ನೂ ತೆರೆದರು. ಚಿತ್ರದಲ್ಲಿ ಅವಳು ಅವರನ್ನೇ ನೇರ ನೋಡುತ್ತಿದ್ದಳು.

"ನಾನು ತೆಗೀಲಿಲ್ಲಮ್ಮ" ಅಂದರು. "ಅವಳೇ ಬಂದು ಕೂತಿದ್ಳು. ನಾನು ನಂಬರು ನೋಡ್ತಿದ್ದೆ."